ತಾಮ್ರ ತಿನ್ನಲಾಗದು: ಜಾನ್ ಸ್ಮಿತ್ ಮತ್ತು ಜೇಮ್ಸ್‌ಟೌನಿನ ಕಾಳಿನ ಲೆಕ್ಕ

ಜಾನ್ ಸ್ಮಿತ್ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಅಮೆರಿಕದ ಮೂಲನಿವಾಸಿ ದೊರೆಯೊಬ್ಬನ ಮಗಳು ಪೊಕಹಾಂಟಸ್. ಕಲ್ಲಿನ ಮೇಲೆ ಅವನ ತಲೆ, ಮೇಲೆ ಎತ್ತಿದ ದೊಣ್ಣೆಗಳು, ಓಡಿ ಬಂದು ಅಡ್ಡ ಬೀಳುವ ಹುಡುಗಿ. ಆ ಕಥೆಗೂ ಬರೋಣ, ಆದರೆ ಚುಟುಕಾಗಿ. ಈ ಮಾತುಕತೆಯ ವಿಷಯ ಅದಲ್ಲ. 1607ರಿಂದ 1609ರವರೆಗೆ, ಹೆಚ್ಚುಕಡಿಮೆ ಎರಡೂವರೆ ವರ್ಷ, ವರ್ಜೀನಿಯಾದ ಒಂದು ಜೌಗು ದಂಡೆಯಲ್ಲಿ ಕೂತ ಇಂಗ್ಲಿಷರು ಏನು ಕುಡಿದರು, ಏನು ತಿಂದರು, ಅದನ್ನು ಯಾರಿಂದ ಯಾವ ಬೆಲೆಗೆ ತಂದರು ಅನ್ನುವುದು ವಿಷಯ. ಸ್ಮಿತ್‌ನನ್ನು ವೀರನೆಂದೋ ಬಡಾಯಿಕೋರನೆಂದೋ ಅಳೆಯುವವರು ಬಹಳ ಮಂದಿ. ನನ್ನ ಲೆಕ್ಕದಲ್ಲಿ ಅವನು ಮೊದಲಿಗೆ ಒಬ್ಬ ಉಗ್ರಾಣಿ. ಉಳಿದದ್ದೆಲ್ಲ ಆಮೇಲೆ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಈ ಕಾಲದ ಬಗ್ಗೆ ನಮಗೆ ಸಿಗುವ ಮಾಹಿತಿಯಲ್ಲಿ ದೊಡ್ಡ ಪಾಲು ಸ್ಮಿತ್ ಮತ್ತು ಅವನ ಕಡೆಯವರೇ ಬರೆದದ್ದು. ತನ್ನ ಸಾಹಸ ಹೇಳುವಾಗ ಆತನ ಕೈ ಧಾರಾಳ. ಆದರೆ ಬುಷೆಲ್ (ಕಾಳು ಅಳೆಯುವ ಇಂಗ್ಲಿಷ್ ಅಳತೆ), ಪೌಂಡ್, ತಲೆಲೆಕ್ಕ ಬರೆಯುವಾಗ ಅವನು ಬೇರೆಯೇ ಮನುಷ್ಯ. ಆ ಅಂಕಿಗಳನ್ನು ಹಿಡಿದು ಹೊರಟರೆ ದಾರಿ ಅಷ್ಟಾಗಿ ತಪ್ಪುವುದಿಲ್ಲ.

ಸ್ಮಿತ್ ಇಂಗ್ಲೆಂಡಿನ ಲಿಂಕನ್‌ಶೈರ್‌ನ ಸಾಧಾರಣ ರೈತನ ಮಗ. 1580ರ ಜನವರಿಯಲ್ಲಿ ನಾಮಕರಣ. ನೆದರ್ಲೆಂಡ್ಸ್‌ನಲ್ಲಿ, ಹಂಗೆರಿಯಲ್ಲಿ ಕೂಲಿ ಸಿಪಾಯಿಯಾಗಿ ಕಾದಾಡಿ, ತುರ್ಕರ ಕೈಗೆ ಸಿಕ್ಕು ಗುಲಾಮನಾಗಿ, ತಪ್ಪಿಸಿಕೊಂಡು ಊರಿಗೆ ಮರಳಿದಾಗ ವಯಸ್ಸು ಇಪ್ಪತ್ತೈದರ ಆಸುಪಾಸು. ಆಗ ಲಂಡನ್ನಿನ ವ್ಯಾಪಾರಿಗಳು ವರ್ಜೀನಿಯಾ ಕಂಪನಿ ಕಟ್ಟುತ್ತಿದ್ದರು. 1606ರ ಏಪ್ರಿಲ್‌ನಲ್ಲಿ ರಾಜನ ಸನ್ನದು ಸಿಕ್ಕಿತು. ಈ ಹಣವಂತರಲ್ಲಿ ಒಬ್ಬ ಸರ್ ಥಾಮಸ್ ಸ್ಮೈತ್, ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್. ನಮ್ಮ ಮೆಣಸಿನ ಕಡೆಗೂ ಅಮೆರಿಕದ ದಂಡೆಗೂ ಹಡಗು ಕಳಿಸಿದ ದುಡ್ಡಿನ ಚೀಲಗಳು ಬಹುಮಟ್ಟಿಗೆ ಒಂದೇ. 1608ರ ಆಗಸ್ಟ್‌ನಲ್ಲಿ ಸ್ಮಿತ್ ಚೆಸಪೀಕ್ ಕೊಲ್ಲಿಯಲ್ಲಿ ಹುಟ್ಟು ಹಾಕುತ್ತಿದ್ದ ಹೊತ್ತಿಗೇ ಈಸ್ಟ್ ಇಂಡಿಯಾ ಕಂಪನಿಯ ವಿಲಿಯಂ ಹಾಕಿನ್ಸ್ ಸೂರತ್ ತಲುಪಿದ್ದ. ಸ್ಮಿತ್‌ನನ್ನು ವರ್ಜೀನಿಯಾಕ್ಕೆ ಕರೆದೊಯ್ದ ಕ್ಯಾಪ್ಟನ್ ಕ್ರಿಸ್ಟೋಫರ್ ನ್ಯೂಪೋರ್ಟ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಹಡಗು ನಡೆಸಿ ಸತ್ತದ್ದು ಜಾವಾದ ಬಾಂಟಮ್‌ನಲ್ಲಿ.

1606ರ ಡಿಸೆಂಬರ್ 20ರಂದು ಮೂರು ಹಡಗು ಹೊರಟವು: ಸೂಸನ್ ಕಾನ್‌ಸ್ಟಂಟ್ 120 ಟನ್, ಗಾಡ್‌ಸ್ಪೀಡ್ 40, ಡಿಸ್ಕವರಿ 20. ನಾವಿಕರನ್ನು ಬಿಟ್ಟು ನೂರಕ್ಕೆ ಸ್ವಲ್ಪ ಹೆಚ್ಚು ಜನ. ದಾರಿಯಲ್ಲೇ ಸ್ಮಿತ್‌ನ ಮೇಲೆ ದಂಗೆಯ ಆರೋಪ ಹೊರಿಸಿ ಬಂಧನದಲ್ಲಿ ಇಟ್ಟರು. ಏಪ್ರಿಲ್‌ನಲ್ಲಿ ದಡ ಸೇರಿ, ಲಂಡನ್ನಿನಿಂದ ಮುದ್ರೆ ಹಾಕಿ ಕಳಿಸಿದ್ದ ಪೆಟ್ಟಿಗೆ ಒಡೆದು ನೋಡಿದರೆ, ಆಡಳಿತ ಮಂಡಳಿಯ ಏಳು ಹೆಸರಿನಲ್ಲಿ ಕೈದಿಯ ಹೆಸರೂ ಇತ್ತು. ಆದರೂ ಅವನನ್ನು ಮಂಡಳಿಗೆ ಸೇರಿಸಿಕೊಂಡದ್ದು ಜೂನ್ 10ಕ್ಕೆ.

ಜಾಗ ಆರಿಸಿದ್ದು ಹೇಗೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಮುಂದಿನ ಸಾವುಗಳ ಬೇರು ಅಲ್ಲಿದೆ. ಇವರಿಗೆ ಸ್ಪೇನಿನವರ ಭಯ. ಸಮುದ್ರದಿಂದ ಒಳಗೆ ಇರಬೇಕು, ಹಡಗು ದಡಕ್ಕೆ ಒತ್ತಿ ನಿಲ್ಲುವಷ್ಟು ಆಳ ಬೇಕು. ಜೇಮ್ಸ್ ನದಿಯಲ್ಲಿ ಒಂದು ಕಡೆ ದಂಡೆಯ ಪಕ್ಕದಲ್ಲೇ ಆರು ಫ್ಯಾದಮ್, ಅಂದರೆ 36 ಅಡಿ ನೀರು. ಹಡಗಿನ ಹಗ್ಗವನ್ನು ನೇರವಾಗಿ ಮರಕ್ಕೇ ಕಟ್ಟಬಹುದು. ಮೂರು ಕಡೆ ನೀರು, ನಾಲ್ಕನೆಯ ಕಡೆ ಕಿರಿದಾದ ನೆಲದ ಕೊರಳು. ಸಿಪಾಯಿಯ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. 1607ರ ಮೇ 14ರಂದು ಇಳಿದರು. ಇದೇ ಜೇಮ್ಸ್‌ಟೌನ್. ಜೂನ್ 15ರ ಹೊತ್ತಿಗೆ ಮೂರು ಮೂಲೆಯ ಕೋಟೆ ಎದ್ದಿತ್ತು: ನದಿಯ ಕಡೆ 420 ಅಡಿ, ಉಳಿದೆರಡು ಬದಿ 300 ಅಡಿ, ಮೂಲೆಗಳಲ್ಲಿ ಅರ್ಧಚಂದ್ರದ ಬುರುಜು, ಅದರ ಮೇಲೆ ತೋಪು.

ಬಾವಿ ಮಾತ್ರ ತೋಡಲಿಲ್ಲ. ಎದುರಿಗೇ ನದಿ ಇದೆಯಲ್ಲ!

ಮೇ ತಿಂಗಳಲ್ಲಿ ಮೇಲಿಂದ ಹೊಳೆ ತುಂಬಿ ಹರಿಯುತ್ತಿತ್ತು, ನೀರು ಸಿಹಿಯಾಗಿಯೇ ಇತ್ತು. ಬೇಸಿಗೆ ಏರಿದಂತೆ ಹರಿವು ಇಳಿಯಿತು. ಸಮುದ್ರದ ಉಪ್ಪುನೀರು ಸಿಹಿನೀರಿಗಿಂತ ಭಾರ. ಅದು ತಳದಲ್ಲಿ ನುಸುಳಿ ಮೇಲಕ್ಕೆ ಬರುತ್ತದೆ, ಸಿಹಿನೀರು ಅದರ ಮೇಲೆ ಜಾರುತ್ತದೆ. ಇವೆರಡೂ ಸೇರುವ ಗೆರೆ ಬೇಸಿಗೆಯಲ್ಲಿ ಬಂದು ನಿಲ್ಲುವುದು ಸರಿಯಾಗಿ ಜೇಮ್ಸ್‌ಟೌನಿನ ಆಸುಪಾಸಿನಲ್ಲಿ. ಆ ಗೆರೆಯಲ್ಲಿ ನೀರು ಮುಂದಕ್ಕೂ ಹೋಗದೆ ಹಿಂದಕ್ಕೂ ಹೋಗದೆ ಉಬ್ಬರ ಇಳಿತಕ್ಕೆ ತೂಗಾಡುತ್ತದೆ. ಕೋಟೆಯವರು ನದಿಗೆ ಬಿಟ್ಟ ಹೊಲಸು ಕೊಚ್ಚಿ ಹೋಗುವುದಿಲ್ಲ, ಆರು ಗಂಟೆಯ ಮೇಲೆ ಅವರ ಕೊಡಕ್ಕೇ ವಾಪಸು ಬರುತ್ತದೆ. ಉಬ್ಬರದಲ್ಲಿ ನೀರು ಉಪ್ಪು, ಇಳಿತದಲ್ಲಿ ಲೋಳೆ ಮತ್ತು ಕೊಳಕು ಎಂದು ಅಲ್ಲಿದ್ದ ಜಾರ್ಜ್ ಪರ್ಸಿ ಬರೆದಿದ್ದಾನೆ. ಆಮಶಂಕೆ, ಟೈಫಾಯಿಡ್, ಜೊತೆಗೆ ಮೈಯೊಳಗೆ ನಿಧಾನವಾಗಿ ಸೇರುವ ಉಪ್ಪು. ಕಾಲು ಊದಿಕೊಳ್ಳುವುದು, ಜ್ವರ, ಮಂಕು. ಆಗಸ್ಟ್ 22ರಂದು ಬಾರ್ತಲೊಮ್ಯೂ ಗಾಸ್ನಾಲ್ಡ್ ಸತ್ತ. ಇಡೀ ಯೋಜನೆಯ ಮುಖ್ಯ ಪ್ರೇರಕ ಅವನೇ. ನೂರು ಚಿಲ್ಲರೆ ಜನರಲ್ಲಿ 1608ರ ಜನವರಿಗೆ ಉಳಿದವರು 38.

ಊಟದ ಕಥೆ ಇನ್ನೂ ಕೆಟ್ಟದ್ದು. ಒಬ್ಬನಿಗೆ ದಿನಕ್ಕೆ ಅರ್ಧ ಪಿಂಟ್ (ಕಾಲು ಲೀಟರಿಗಿಂತ ತುಸು ಹೆಚ್ಚು) ಗೋಧಿ, ಅರ್ಧ ಪಿಂಟ್ ಬಾರ್ಲಿ, ನೀರಲ್ಲಿ ಬೇಯಿಸಿದ್ದು. ಹಡಗಿನ ಹೊಟ್ಟೆಯಲ್ಲಿ 26 ವಾರ ಬೆಂದಿದ್ದ ಆ ಧಾನ್ಯದಲ್ಲಿ ಕಾಳಿನಷ್ಟೇ ಹುಳ ಇದ್ದವು. ‘ಕುಡಿಯಲು ನೀರು, ವಾಸಕ್ಕೆ ಗಾಳಿಗೋಪುರ’ ಎಂದು ಸ್ಮಿತ್ ಬರೆದದ್ದು ಈ ದಿನಗಳ ಬಗ್ಗೆಯೇ.

ಸುತ್ತ ಕಾಡು ತುಂಬ ಜಿಂಕೆ, ನದಿ ತುಂಬ ಮೀನು ಇದ್ದರೂ ಹೀಗೇಕೆ? ಬಂದವರ ಪಟ್ಟಿ ನೋಡಿ. ಅರ್ಧದಷ್ಟು ಜನ ‘ಜಂಟಲ್‌ಮನ್’, ಅಂದರೆ ಕೈಕೆಲಸ ಮಾಡಿ ಅಭ್ಯಾಸವಿಲ್ಲದ ಮನೆತನದವರು. ಹೆಸರು ಹಿಡಿದು ನಮೂದಾದ ಬಡಗಿಗಳು ನಾಲ್ವರು, ಕೂಲಿಯಾಳು ಹನ್ನೆರಡು, ಒಬ್ಬ ಕಮ್ಮಾರ, ಒಬ್ಬ ದರ್ಜಿ, ಒಬ್ಬ ಕ್ಷೌರಿಕ, ನಗಾರಿ ಬಾರಿಸಲೂ ಒಬ್ಬ. ಹಸಿದ ಊರಿಗೆ ನಗಾರಿಯವನು ಬೇಕಿತ್ತೇ ಎಂದು ಕೇಳಬೇಡಿ, ಲಂಡನ್ನಿನಲ್ಲಿ ಕೂತವರಿಗೆ ಇದು ಸೈನ್ಯದ ತುಕಡಿಯಂತೆ ಕಂಡಿತ್ತು.

ಉಗ್ರಾಣ ನೋಡುತ್ತಿದ್ದ ಥಾಮಸ್ ಸ್ಟಡ್ಲಿ ಆ ಆಗಸ್ಟ್‌ನಲ್ಲೇ ಸತ್ತ ಮೇಲೆ ಆ ಕೆಲಸ ಸ್ಮಿತ್‌ನ ಹೆಗಲಿಗೆ ಬಿತ್ತು. ಕಾಳು ತರಲು ಅವನು ದೋಣಿ ಹತ್ತಿ ಸುತ್ತಲಿನ ಹಳ್ಳಿಗಳಿಗೆ ಹೊರಟ. ಆ ನಾಡಿಗೆ ಅಲ್ಲಿಯವರ ಹೆಸರು ತ್ಸೆನಕಮಕಾ. ಮೂವತ್ತು ಚಿಲ್ಲರೆ ಪಂಗಡಗಳ ಒಡೆಯ ವಾಹುನ್‌ಸೆನಕಾ, ಇಂಗ್ಲಿಷರ ಬಾಯಲ್ಲಿ ಪೌಹಟನ್. 1607ರ ಡಿಸೆಂಬರ್‌ನಲ್ಲಿ ಚಿಕಹಾಮಿನಿ ನದಿಯ ತಲೆ ಹುಡುಕುತ್ತ ಹೋದ ಸ್ಮಿತ್ ಕೆಸರಲ್ಲಿ ಸಿಕ್ಕಿಬಿದ್ದು ಒಪೆಚಾಂಕನೊ ಎಂಬ ನಾಯಕನಿಗೆ ಸೆರೆಯಾದ. ಜೇಬಿನಿಂದ ದಿಕ್ಸೂಚಿ ತೆಗೆದು ತೋರಿಸಿದ. ಒಳಗಿನ ಮುಳ್ಳು ಕಾಣುತ್ತದೆ, ಗಾಜು ಅಡ್ಡ ಇರುವುದರಿಂದ ಮುಟ್ಟಲಾಗದು. ಆ ಅಚ್ಚರಿ ಅವನಿಗೆ ಸ್ವಲ್ಪ ಸಮಯ ಕೊಡಿಸಿತು. ಕೊನೆಗೆ ವೆರೊವೊಕೊಮೊಕೊ ಎಂಬ ರಾಜಧಾನಿಗೆ ಒಯ್ದರು. ಪೊಕಹಾಂಟಸ್ ಕಥೆ ಇಲ್ಲಿಯದು. ಅವಳಿಗೆ ಆಗ ಸುಮಾರು ಹನ್ನೊಂದು ವರ್ಷ. 1608ರಲ್ಲಿ ಅಚ್ಚಾದ ಸ್ಮಿತ್‌ನ ಮೊದಲ ವರದಿಯಲ್ಲಿ ಈ ಪ್ರಸಂಗವೇ ಇಲ್ಲ. ತುಂಬುಕಥೆಯಾಗಿ ಬಂದದ್ದು 1624ರ ಪುಸ್ತಕದಲ್ಲಿ, ಅವಳು ಸತ್ತು ಏಳು ವರ್ಷಕ್ಕೆ. ನಡೆದಿದ್ದರೂ ಅದು ಕೊಲೆಯ ಯತ್ನವಲ್ಲ, ಹೊರಗಿನವನನ್ನು ತಮ್ಮ ಕೈಕೆಳಗಿನ ನಾಯಕನಾಗಿ ಸೇರಿಸಿಕೊಳ್ಳುವ ವಿಧಿ ಇರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ನನಗೂ ಅದೇ ಹೆಚ್ಚು ಸರಿ ಅನಿಸುತ್ತದೆ.

ಬಿಡುಗಡೆಯಾಗಿ ಬಂದರೆ ಕೋಟೆಗೆ ಹೊಸ ಜನರನ್ನು ತುಂಬಿಕೊಂಡು ನ್ಯೂಪೋರ್ಟ್ ಬಂದ. ಜನವರಿ 7ರಂದು ಬೆಂಕಿ ಬಿದ್ದು ಕೋಟೆ ಸುಟ್ಟಿತು. ಅದರ ಮೇಲೆ ಚಿನ್ನದ ಹುಚ್ಚು: ಚಿನ್ನ ಅಗೆ, ಚಿನ್ನ ತೊಳೆ, ಚಿನ್ನ ಸೋಸು, ಚಿನ್ನ ಹೇರು, ಬೇರೆ ಮಾತೇ ಇಲ್ಲ. ಹಡಗು ಹೊತ್ತುಕೊಂಡು ಹೋದದ್ದು ಹೊಳೆಯುವ ಮಣ್ಣು. ಹಡಗು ನಿಂತಷ್ಟು ದಿನ ನಾವಿಕರು ತಿಂದದ್ದು ಇದೇ ಉಗ್ರಾಣದ ಕಾಳು, ಸ್ಮಿತ್‌ಗೆ ಉರಿದದ್ದು ಅದಕ್ಕೆ.

ಇನ್ನು 1608ರ ಬೇಸಿಗೆಯ ಶೋಧಯಾನ. ಎರಡು ಸುತ್ತು: ಜೂನ್ 2ರಿಂದ ಜುಲೈ 21, ಹದಿನಾಲ್ಕು ಜನ, ಜುಲೈ 24ರಿಂದ ಸೆಪ್ಟೆಂಬರ್ 7, ಹನ್ನೆರಡು ಜನ. ವಾಹನ ಎರಡು ಮೂರು ಟನ್ನಿನ ಒಂದು ತೆರೆದ ದೋಣಿ. ಮೇಲೆ ಮುಚ್ಚಿಗೆ ಇಲ್ಲ, ಆಳ ಕಡಿಮೆ, ಆದ್ದರಿಂದ ತೊರೆಗಳ ಒಳಗೂ ನುಗ್ಗುತ್ತದೆ. ಮಳೆ ಬಂದರೆ ಎಲ್ಲ ತೊಪ್ಪೆ. ಬಿರುಗಾಳಿಗೆ ಪಟದ ಕಂಬ ಮುರಿದು ನೀರುಪಾಲಾಯಿತು, ಹರಿದ ಪಟಕ್ಕೆ ಅಂಗಿಗಳನ್ನು ಬಿಚ್ಚಿ ತೇಪೆ ಹಾಕಿದರು. ರೊಟ್ಟಿ ನೆನೆದು ಕೊಳೆಯಿತು. ಕೊಲ್ಲಿಯ ಪೂರ್ವ ದಂಡೆಯಲ್ಲಿ ಕುಡಿಯುವ ನೀರು ಸಿಗದೆ ವಿಕೊಕೊಮೊಕೊದ ಒಂದು ಕೊಚ್ಚೆಗುಂಡಿಯಿಂದ ಪುಟ್ಟ ಪೀಪಾಯಿಗಳಿಗೆ ನೀರು ತುಂಬಿಕೊಂಡರು. ಎರಡು ದಿನ ಕಳೆಯುವಷ್ಟರಲ್ಲಿ, ಆ ಕೊಚ್ಚೆ ನೀರಿನ ಒಂದು ಪೀಪಾಯಿಗೆ ಎರಡು ಪೀಪಾಯಿ ಚಿನ್ನ ಕೊಡುತ್ತೇನೆಂದರೂ ಬೇಡ ಅನ್ನುವ ಸ್ಥಿತಿ. ಮುಂದೆ ಪೊಟೊಮ್ಯಾಕ್ ನದಿಯ ಕಡೆ ಮೀನು ನೀರಿನ ಮೇಲೆ ತಲೆ ಎತ್ತಿ ನಿಂತಿವೆ, ಬಲೆ ತಂದಿಲ್ಲ. ಬಾಣಲೆಯಲ್ಲಿ ಗೋರಲು ನೋಡಿದರು. ಮೀನು ಹಿಡಿಯಲು ಬಾಣಲೆ ಒಳ್ಳೆಯ ಸಾಧನವಲ್ಲ ಎಂದು ಅವರೇ ಬರೆದಿಟ್ಟಿದ್ದಾರೆ.

ರ‍್ಯಾಪಹನಕ್ ನದಿಯ ಬಾಯಲ್ಲಿ ದೋಣಿ ತಳಕಚ್ಚಿದಾಗ ಸ್ಮಿತ್ ಕತ್ತಿಯ ತುದಿಯಿಂದ ಮೀನು ಚುಚ್ಚುತ್ತಿದ್ದ. ಒಂದು ತೊರಕೆ ಮೀನು ಬಾಲದ ಮುಳ್ಳನ್ನು ಅವನ ಮಣಿಕಟ್ಟಿಗೆ ಇಳಿಸಿತು. ನಾಲ್ಕು ಗಂಟೆಯಲ್ಲಿ ಕೈ, ತೋಳು, ಹೆಗಲು ಊದಿ, ಅವನೇ ತೋರಿಸಿದ ಜಾಗದಲ್ಲಿ ಗೋರಿ ತೋಡಿದರು. ವೈದ್ಯ ವಾಲ್ಟರ್ ರಸಲ್ ಒಂದು ಎಣ್ಣೆ ಹಚ್ಚಿ ಉಪಚರಿಸಿದ. ರಾತ್ರಿಯ ಹೊತ್ತಿಗೆ ನೋವು ಇಳಿದು, ಸ್ಮಿತ್ ಅದೇ ಮೀನನ್ನು ಊಟಕ್ಕೆ ತಿಂದ. ಆ ಜಾಗಕ್ಕೆ ಈಗಲೂ ಸ್ಟಿಂಗ್‌ರೇ ಪಾಯಿಂಟ್ ಎಂದೇ ಹೆಸರು.

ಈ ಯಾನದಿಂದ ಹುಟ್ಟಿದ ನಕ್ಷೆ 1612ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅಚ್ಚಾಯಿತು, ಕೊರೆದದ್ದು ವಿಲಿಯಂ ಹೋಲ್. ಪಶ್ಚಿಮ ಮೇಲಕ್ಕಿದೆ, ಹಡಗಿನಿಂದ ಬರುವವನ ಕಣ್ಣಿಗೆ ನಾಡು ಹೇಗೆ ತೆರೆಯುತ್ತದೋ ಹಾಗೆ. ಮೂಲನಿವಾಸಿಗಳ ಸುಮಾರು ಇನ್ನೂರು ಊರುಗಳು, ನಾಯಕನಿರುವ ಊರಿಗೆ ಒಂದು ಗುರುತು, ಉಳಿದವಕ್ಕೆ ಇನ್ನೊಂದು. ನನಗೆ ಬಹಳ ಹಿಡಿಸುವುದು ಅದರ ಪುಟ್ಟ ಶಿಲುಬೆಗಳು. ಪ್ರತಿ ನದಿಯ ಮೇಲೂ ಒಂದು ಕಡೆ ಶಿಲುಬೆ ಇದೆ. ಅಲ್ಲಿಯವರೆಗೆ ತಾವೇ ಕಂಡದ್ದು, ಅದರಾಚೆಗಿನದು ಅಲ್ಲಿಯ ಜನ ಹೇಳಿದ್ದು. ಕಂಡದ್ದಕ್ಕೂ ಕೇಳಿದ್ದಕ್ಕೂ ಹೀಗೆ ಗೆರೆ ಎಳೆದವನು ಅದೇ ಬಡಾಯಿಕೋರ!

1608ರ ಸೆಪ್ಟೆಂಬರ್ 10ರಂದು ಸ್ಮಿತ್ ವಸಾಹತಿನ ಅಧ್ಯಕ್ಷನಾದ. ಸ್ವಲ್ಪ ದಿನದಲ್ಲೇ ನ್ಯೂಪೋರ್ಟ್ ಇನ್ನೂ 70 ಜನರನ್ನು ತಂದ. ಅವರಲ್ಲಿ ಗಾಜು, ರಾಳ ತಯಾರಿಸಲು ಬಂದ ಜರ್ಮನರು, ಪೋಲೆಂಡಿನವರು ಇದ್ದರು. ಮೊದಲ ಇಬ್ಬರು ಇಂಗ್ಲಿಷ್ ಹೆಂಗಸರೂ ಬಂದರು. ಜೊತೆಗೆ ಪೌಹಟನ್‌ಗೆ ಕಿರೀಟ ತೊಡಿಸಿ ಎಂಬ ಲಂಡನ್ನಿನ ಆಜ್ಞೆ. ತಟ್ಟೆ, ಹೂಜಿ, ಮಂಚ, ಕೆಂಪು ನಿಲುವಂಗಿ ಹೊತ್ತು ಹೋದರು. ಮುದುಕ ಮಂಡಿಯೂರಲು ಸುತರಾಂ ಒಪ್ಪಲಿಲ್ಲ. ಹೆಗಲು ಒತ್ತಿ ಹಿಡಿದು, ತುಸು ಬಾಗಿದ ಕ್ಷಣದಲ್ಲಿ ಮೂವರು ಸೇರಿ ತಲೆಗೆ ಇಟ್ಟರು. ಪ್ರತಿಯಾಗಿ ಅವನು ನ್ಯೂಪೋರ್ಟ್‌ಗೆ ಕೊಟ್ಟದ್ದು ತನ್ನ ಹಳೇ ಜೋಡು ಮತ್ತು ಹೊದಿಕೆ.

ಆ ಹಡಗಿನಲ್ಲೇ ಸ್ಮಿತ್ ಕಂಪನಿಗೆ ಒಂದು ಒರಟು ಉತ್ತರ ಕಳಿಸಿದ: ಇಂಥ ಸಾವಿರ ಜನ ಬೇಡ, ಬಡಗಿ, ಒಕ್ಕಲಿಗ, ತೋಟಗಾರ, ಬೆಸ್ತ, ಕಮ್ಮಾರ, ಕಲ್ಲುಕುಟಿಗ, ಮರದ ಬೊಡ್ಡೆ ಅಗೆಯುವವರು, ಹೀಗೆ ಮೂವತ್ತು ಜನರನ್ನು ಸರಿಯಾದ ಸಾಮಾನು ಕೊಟ್ಟು ಕಳಿಸಿ ಸಾಕು.

ಬಂದ ಜಂಟಲ್‌ಮನ್‌ಗಳನ್ನೇ ಕಾಡಿಗೆ ಕರೆದೊಯ್ದು ಕೊಡಲಿ ಕೊಟ್ಟ. ಮೆತ್ತಗಿನ ಬೆರಳಿಗೆ ಬೊಬ್ಬೆ ಎದ್ದವು, ಮೂರು ಏಟಿಗೊಂದು ಶಾಪ. ಸ್ಮಿತ್ ಪ್ರತಿಯೊಬ್ಬನ ಶಾಪ ಎಣಿಸಿಡಲು ಹೇಳಿದ. ರಾತ್ರಿ ಒಂದು ಶಾಪಕ್ಕೆ ಒಂದು ತಂಬಿಗೆ ತಣ್ಣೀರು, ತೋಳಿನೊಳಗೆ ಸುರಿಯುವುದು. ವಾರದಲ್ಲಿ ಒಂದು ಬೈಗುಳ ಕೇಳುವುದೂ ಅಪರೂಪವಾಯಿತಂತೆ.

ಈಗ ಕಾಳಿನ ಬೆಲೆ. ಕಾಳು ಅಂದರೆ ನಮ್ಮ ಮೆಕ್ಕೆಜೋಳ. ನಮಗೂ ಅದು ಬಂದದ್ದು ಅಮೆರಿಕ ಖಂಡದಿಂದಲೇ. ಹಿಂದಿನ ಚಳಿಗಾಲದಲ್ಲಿ ನ್ಯೂಪೋರ್ಟ್ ದೊಡ್ಡಸ್ತಿಕೆ ತೋರಿಸಲು ತಾಮ್ರದ ಪಾತ್ರೆಗಳನ್ನೆಲ್ಲ ಒಟ್ಟಿಗೆ ಪೌಹಟನ್ ಮುಂದೆ ಸುರಿದಿದ್ದ. ಇಪ್ಪತ್ತು ಹಾಗ್ಸ್‌ಹೆಡ್ ಪೀಪಾಯಿ ಕಾಳು ಬರುತ್ತದೆ ಅಂದುಕೊಂಡ ಕಡೆ ಬಂದದ್ದು ನಾಲ್ಕು ಬುಷೆಲ್ ಕೂಡ ಇಲ್ಲ. ಸ್ಮಿತ್ ಆಗ ನೀಲಿ ಮಣಿಗಳನ್ನು ಹೊರಗೆ ತೆಗೆದು, ಇವು ಆಕಾಶದ ಬಣ್ಣದ ಅಪರೂಪದ ವಸ್ತು, ದೊಡ್ಡ ರಾಜರಷ್ಟೇ ತೊಡುವುದು ಎಂದು ಕೊಡಲು ಹಿಂಜರಿದಂತೆ ನಟಿಸಿದ. ಒಂದೆರಡು ಪೌಂಡ್ ಮಣಿಗೆ ಇನ್ನೂರು ಮುನ್ನೂರು ಬುಷೆಲ್ ಬಂತು. ಸಂತೆಯಲ್ಲಿ ಕೂತು ಬಲ್ಲವರಿಗೆ ಈ ಆಟ ಹೊಸದಲ್ಲ.

1609ರ ಜನವರಿಗೆ ಆ ಆಟವೂ ಮುಗಿದಿತ್ತು. ಒಂದು ಬುಟ್ಟಿ ತಾಮ್ರಕ್ಕಿಂತ ಒಂದು ಬುಟ್ಟಿ ಕಾಳೇ ಹೆಚ್ಚು ಎಂದ ಪೌಹಟನ್: ಕಾಳು ತಿನ್ನಬಹುದು, ತಾಮ್ರ ತಿನ್ನಲಾಗದು. ಇದನ್ನು ಚೌಕಾಸಿಯ ಮಾತೆಂದು ಸ್ಮಿತ್ ಎಣಿಸಿದ. ಆದರೆ ಆ ಸೀಮೆಯ ಹಳೆಯ ಸೈಪ್ರೆಸ್ ಮರಗಳ ಉಂಗುರಗಳನ್ನು ಅಳೆದು 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1606ರಿಂದ 1612ರವರೆಗಿನ ಏಳು ವರ್ಷ 770 ವರ್ಷಗಳಲ್ಲೇ ಅತಿ ಬರಗಾಲದ ಅವಧಿ. ಹಳ್ಳಿಗಳ ಕಣಜವೇ ಅರೆಬರೆ ಇದ್ದಾಗ ಇನ್ನೂರು ಹೊಸ ಬಾಯಿ ಬಂದು ನಿಂತಿದ್ದವು. ‘ಪ್ರೀತಿಯಿಂದ ಸಿಗುವುದನ್ನು ಬಲದಿಂದ ಕಿತ್ತುಕೊಂಡು ಏನು ಲಾಭ? ದಾಸ್ತಾನು ಬಚ್ಚಿಟ್ಟು ನಾವು ಕಾಡು ಸೇರಿದರೆ ಹಸಿದು ಸಾಯುವವರು ನೀವು’ ಎಂಬರ್ಥದಲ್ಲಿ ಪೌಹಟನ್ ಆಡಿದ ಮಾತನ್ನು ಸ್ಮಿತ್‌ನ ಕಡೆಯವರೇ ಬರೆದಿದ್ದಾರೆ. ಅದಾದ ಕೆಲವೇ ದಿನಕ್ಕೆ ಸ್ಮಿತ್ ಒಪೆಚಾಂಕನೊನ ಜುಟ್ಟು ಹಿಡಿದು ಎದೆಗೆ ಪಿಸ್ತೂಲು ಒತ್ತಿ ಕಾಳು ತುಂಬಿಸಿಕೊಂಡ. ಇದನ್ನು ವ್ಯಾಪಾರ ಅನ್ನುವುದಕ್ಕೆ ನಾಲಿಗೆ ಬರುವುದಿಲ್ಲ.

ಆ ಪ್ರವಾಸದ ಲೆಕ್ಕ ಹೀಗಿದೆ: ಖರ್ಚು 25 ಪೌಂಡ್ ತಾಮ್ರ, 50 ಪೌಂಡ್ ಕಬ್ಬಿಣ ಮತ್ತು ಮಣಿ. ಉಗ್ರಾಣಕ್ಕೆ ಒಪ್ಪಿಸಿದ್ದು 479 ಬುಷೆಲ್ ಕಾಳು, ಸುಮಾರು 200 ಪೌಂಡ್ ಜಿಂಕೆಯ ಕೊಬ್ಬು. ಬಿಡಿಸಿದ ಮೆಕ್ಕೆಜೋಳ ಬುಷೆಲ್‌ಗೆ 25 ಕಿಲೋ ಎಂದು ಹಿಡಿದರೆ ಸುಮಾರು 12 ಟನ್. ಇನ್ನೂರು ಜನರಿಗೆ ತಲಾ ಅರ್ಧ ಕಿಲೋ ಕೊಟ್ಟರೆ ನಾಲ್ಕು ತಿಂಗಳು. ಮೇ ತಿಂಗಳಿಗೆ ಹೊಂದಿಸಬಹುದಾದ ಲೆಕ್ಕ.

ಈ ನೆಮ್ಮದಿಯಲ್ಲೇ ‘ದುಡಿಯದವನಿಗೆ ಊಟವಿಲ್ಲ’ ಎಂಬ ಹೆಸರಾಂತ ಆಜ್ಞೆ ಬಂತು. ಬೈಬಲ್ಲಿನ ಮಾತೇ, ಆದರೆ ಸ್ಮಿತ್ ಅದಕ್ಕೆ ಅಂಕಿ ಕಟ್ಟಿದ: ಮೂವತ್ತು ನಲವತ್ತು ಜನ ದುಡಿದದ್ದನ್ನು ನೂರೈವತ್ತು ಸೋಮಾರಿಗಳು ತಿನ್ನುವಂತಿಲ್ಲ, ಕಾಯಿಲೆ ಬಿದ್ದವರಿಗೆ ಮಾತ್ರ ವಿನಾಯಿತಿ. ಯಾರು ಎಷ್ಟು ಮಾಡಿದರೆಂದು ಎಲ್ಲರಿಗೂ ಕಾಣುವ ಹಾಗೆ ಪಟ್ಟಿ ಹಾಕಿಸಿದ. ಮೂರು ತಿಂಗಳಲ್ಲಿ ಇಪ್ಪತ್ತು ಮನೆ, ದ್ವೀಪದ ಕೊರಳಿನಲ್ಲಿ ಒಂದು ಕಾವಲುಮನೆ, ಮೀನಿಗೆ ಬಲೆ, ಮೂರ್ನಾಲ್ಕು ಲಾಸ್ಟ್ (ಸರಕಿನ ಒಂದು ಹಳೆಯ ದೊಡ್ಡ ಅಳತೆ) ಡಾಂಬರು ಮತ್ತು ಸಾಬೂನಿನ ಬೂದಿ. ಕೊನೆಗೂ ಕೋಟೆಯೊಳಗೆ ಒಂದು ಸಿಹಿನೀರಿನ ಬಾವಿ. ಮೂರು ಹೆಣ್ಣುಹಂದಿಗಳಿಂದ ಹದಿನೆಂಟು ತಿಂಗಳಲ್ಲಿ ಅರವತ್ತು ಚಿಲ್ಲರೆ ಮರಿ. ಮೂವತ್ತು ನಲವತ್ತು ಎಕರೆ ಉತ್ತದ್ದೂ ಆಗಲೇ. ಬಿತ್ತನೆ ಕಲಿಸಿದವರು ಕೆಂಪ್ಸ್, ಟಸೋರ್ ಎಂಬ ಇಬ್ಬರು ಮೂಲನಿವಾಸಿ ಕೈದಿಗಳು, ಕಾಲಿಗೆ ಬೇಡಿ ಹಾಕಿಸಿಕೊಂಡು. ಅಲ್ಲಿಯ ಕ್ರಮ ಸರಳ: ಕೋಲಿನಿಂದ ಗುಳಿ, ಗುಳಿಗೆ ನಾಲ್ಕು ಕಾಳು ಜೋಳ ಮತ್ತು ಎರಡು ಅವರೆಯಂಥ ಬೀನ್ಸ್, ಗುಳಿಯಿಂದ ಗುಳಿಗೆ ನಾಲ್ಕು ಅಡಿ. ಬಳ್ಳಿ ಜೋಳದ ದಂಟಿಗೆ ಹಬ್ಬುತ್ತದೆ.

ಅಷ್ಟರಲ್ಲಿ ಯಾರೋ ಪೀಪಾಯಿ ತೆರೆದು ನೋಡಿದರು. ಅರ್ಧ ಕಾಳು ಕೊಳೆತಿತ್ತು, ಉಳಿದರ್ಧ ಇಲಿಗಳ ಪಾಲು. ಹಡಗಿನಿಂದ ಇಳಿದ ಕೆಲವೇ ಇಲಿಗಳು ಸಾವಿರಗಳಾಗಿದ್ದವು. ಹಳ್ಳಿಗರು ಕಾಳನ್ನು ಚೆನ್ನಾಗಿ ಒಣಗಿಸಿ ಬುಟ್ಟಿಯಲ್ಲಿಡುತ್ತಿದ್ದರು. ಇಲ್ಲಿ ತೇವದ ಕಾಳನ್ನು ಮುಚ್ಚಿದ ಪೀಪಾಯಿಗೆ ತುಂಬಿ, ತೆರೆದು ಹರಡಿ ನೋಡುವವರಿಲ್ಲದೆ ಬಿಟ್ಟಿದ್ದರು. ಎಣಿಸಿ ತಂದವನು ಇಟ್ಟದ್ದನ್ನು ನೋಡಲಿಲ್ಲ. ಉಗ್ರಾಣಿಯಾಗಿ ಸ್ಮಿತ್‌ನ ದೊಡ್ಡ ತಪ್ಪು ಇದೇ ಎಂದು ನನ್ನ ಎಣಿಕೆ.

ಆದರೆ ಆಮೇಲೆ ಮಾಡಿದ್ದು ಅವನ ಅತಿ ಜಾಣ ಕೆಲಸ. ಒಂದೇ ಕಡೆ ಕೂತರೆ ಎಲ್ಲರೂ ಸಾಯುತ್ತಾರೆ ಎಂದು ಜನರನ್ನು ಹಂಚಿದ. ಅರವತ್ತು ಎಂಬತ್ತು ಜನ ಕೆಳಗೆ ನದಿ ಬಾಯಲ್ಲಿ ಸಿಂಪಿ ತಿಂದು ಬದುಕಲು, ಇಪ್ಪತ್ತು ಜನ ಪಾಯಿಂಟ್ ಕಂಫರ್ಟ್‌ನಲ್ಲಿ ಮೀನು ಹಿಡಿಯಲು, ಇಪ್ಪತ್ತು ಜನ ನದಿಯ ಮೇಲೆ ಅಬ್ಬಿಯ (ಜಲಪಾತದ) ಕಡೆಗೆ. ಅಬ್ಬಿಯವರಿಗೆ ಓಕ್ ಮರದ ಬೀಜ ಬಿಟ್ಟು ಏನೂ ಸಿಗಲಿಲ್ಲ. ಕೋಟೆಯಲ್ಲಿ ಉಳಿದವರಿಗೆ ಸ್ಟರ್ಜನ್ ಮೀನು ಬೇಕಾದಷ್ಟು ಸಿಕ್ಕಿತು. ಅದನ್ನು ಒಣಗಿಸಿ, ಕುಟ್ಟಿ, ಅದರ ಮೊಟ್ಟೆ ಮತ್ತು ಹುಳಿಸೊಪ್ಪು ಬೆರೆಸಿ ರೊಟ್ಟಿ ತಟ್ಟಿದರು. ಟಕಹೊ ಎಂಬ ಜೌಗಿನ ಗೆಡ್ಡೆಯೂ ಇತ್ತು. ಹಸಿಯಾಗಿ ತಿಂದರೆ ಬಾಯಿ ಗಂಟಲು ಉರಿದುಹೋಗುತ್ತದೆ, ಸುಟ್ಟು ಒಣಗಿಸಿದರೆ ಹಿಟ್ಟಾಗುತ್ತದೆ, ಕೆಸವಿನ ಗೆಡ್ಡೆ ಬಲ್ಲವರಿಗೆ ಇದು ಗೊತ್ತಿರುವ ಗುಣ. ಒಬ್ಬ ಒಂದು ದಿನ ಅಗೆದರೆ ಒಂದು ವಾರದ ಊಟ. ನಾನು ತರುವಷ್ಟಾದರೂ ತರದವನನ್ನು ಮರುದಿನ ನದಿಯಾಚೆ ಬಿಡುತ್ತೇನೆ ಎಂದ ಸ್ಮಿತ್. ಆ ಅವಧಿಯಲ್ಲಿ, ದೋಣಿ ಮುಳುಗಿ ಸತ್ತವರನ್ನು ಬಿಟ್ಟರೆ, ಇನ್ನೂರು ಜನರಲ್ಲಿ ಸತ್ತವರು ಏಳು ಎಂದು ಅವರ ಲೆಕ್ಕ ಹೇಳುತ್ತದೆ.

1609ರ ಬೇಸಿಗೆ ಕೊನೆಯಲ್ಲಿ ನೂರಾರು ಹೊಸಬರು ಬಂದಿಳಿದರು. ಹೊಸ ಗವರ್ನರ್ ಇದ್ದ ಹಡಗು ದಾರಿಯಲ್ಲಿ ಬರ್ಮುಡಾ ದ್ವೀಪದಲ್ಲಿ ಒಡೆದುಹೋಗಿತ್ತು, ಇಲ್ಲಿ ಯಾರು ಯಜಮಾನ ಎಂದೇ ಜಗಳ. ಅಬ್ಬಿಯ ಕಡೆಯಿಂದ ಮರಳುವಾಗ ಸ್ಮಿತ್ ದೋಣಿಯಲ್ಲಿ ಮಲಗಿದ್ದಾಗ ಸೊಂಟದ ಮದ್ದಿನ ಚೀಲಕ್ಕೆ ಕಿಡಿ ತಗುಲಿ, ತೊಡೆಯ ಮೇಲೆ ಒಂಬತ್ತು ಹತ್ತು ಇಂಚು ಚೌಕದಷ್ಟು ಮಾಂಸ ಸುಟ್ಟಿತು. ಉರಿ ತಾಳದೆ ನದಿಗೆ ಹಾರಿ ಮುಳುಗುವುದರಲ್ಲಿದ್ದ. ಅಕ್ಟೋಬರ್‌ನಲ್ಲಿ ಹಡಗು ಹತ್ತಿಸಿದರು. ವರ್ಜೀನಿಯಾಕ್ಕೆ ಮತ್ತೆ ಬರಲಿಲ್ಲ. 1614ರಲ್ಲಿ ಉತ್ತರದ ಕರಾವಳಿಯ ನಕ್ಷೆ ಮಾಡಿ ನ್ಯೂ ಇಂಗ್ಲೆಂಡ್ ಎಂಬ ಹೆಸರು ಚಾಲ್ತಿಗೆ ತಂದವನೂ ಅವನೇ. ಸತ್ತದ್ದು 1631ರ ಜೂನ್ 21ರಂದು ಲಂಡನ್ನಿನಲ್ಲಿ.

ಅವನು ಬಿಟ್ಟು ಹೋದಾಗ ವಸಾಹತಿನಲ್ಲಿ 490 ಚಿಲ್ಲರೆ ಜನ, 24 ತೋಪು, 300 ಬಂದೂಕು, ಹತ್ತು ವಾರದ ದಿನಸಿ ಇದ್ದವು ಎಂದು ಅವನ ಕಡೆಯ ಲೆಕ್ಕ. ಪೌಹಟನ್ ಹೇಳಿದಂತೆಯೇ ಮಾಡಿದ: ಕಾಳು ನಿಲ್ಲಿಸಿದ, ಕೋಟೆಯಿಂದ ಹೊರಬಂದವರನ್ನು ಕೊಂದ. ಆ ಚಳಿಗಾಲ ಕಳೆದು 1610ರ ಮೇನಲ್ಲಿ, ಬರ್ಮುಡಾದಲ್ಲಿ ಒಡೆದ ಆ ಹಡಗಿನವರು ಬಂದು ನೋಡಿದಾಗ ಜೇಮ್ಸ್‌ಟೌನಿನಲ್ಲಿ ಉಸಿರಾಡುತ್ತಿದ್ದವರು ಸುಮಾರು ಅರವತ್ತು. ಅಲ್ಲಿಯ ನೆಲಮಾಳಿಗೆಯೊಂದರಲ್ಲಿ 2012ರಲ್ಲಿ ಸಿಕ್ಕ, ಹದಿನಾಲ್ಕು ವರ್ಷದ ಹುಡುಗಿಯ ತಲೆಬುರುಡೆಯ ಮೇಲೆ ಮಾಂಸ ಬಿಡಿಸಿದ ಕತ್ತಿಯ ಗೀರುಗಳಿವೆ.

ಬರ್ಮುಡಾದಿಂದ ಬಂದವರಲ್ಲಿ ವಿಲಿಯಂ ಸ್ಟ್ರೇಚಿ ಎಂಬ ಬರಹಗಾರನಿದ್ದ. ಕೋಟೆಯೊಳಗೆ ಆರೇಳು ಫ್ಯಾದಮ್ ಆಳದ ಒಂದು ಬಾವಿ ಇದೆ, ಪಕ್ಕದ ನದಿಯ ಸವಳು ನೀರೇ ಅದರೊಳಗೆ ಜಿನುಗುತ್ತದೆ, ಇಲ್ಲಿಯ ಜನರ ಕಾಯಿಲೆಗೆ ಅದೂ ಕಾರಣ ಎಂದು ಅವನು ಆ ವರ್ಷ ಬರೆದಿದ್ದಾನೆ.